ಕಾರಿನ ಆಂಪ್ಲಿಫೈಯರ್‌ಗೆ ವಿದ್ಯುತ್ ಪೂರೈಕೆ: ವರ್ತಕರು ಅರಿಯಬೇಕಾದ ಆಯ-ವ್ಯಯ

ಕಾರುಗಳಿಗೆ ಧ್ವನಿವ್ಯವಸ್ಥೆ ಅಳವಡಿಸುವ ಅಂಗಡಿಗಳಿಗೆ ಬರುವ ದೂರುಗಳಲ್ಲಿ ಮೂರು ಬಗೆಯವು ಪದೇ ಪದೇ ಕೇಳಿಬರುತ್ತವೆ. ಆಂಪ್ಲಿಫೈಯರ್ ಹಾಕಿಸಿದ ಕೆಲವೇ ತಿಂಗಳಲ್ಲಿ ಬ್ಯಾಟರಿ ಕೈಕೊಟ್ಟಿತೆಂಬುದು ಮೊದಲನೆಯದು. ಹಾಡಿನ ಪೆಟ್ಟಿಗೆ ಸರಿಯಾಗಿ ಹೆಡ್‌ಲೈಟುಗಳು ಮಂಕಾಗುತ್ತವೆ ಎಂಬುದು ಎರಡನೆಯದು. ಪೆಟ್ಟಿಗೆಯ ಮೇಲೆ ಅಚ್ಚಾಗಿರುವಷ್ಟು ಧ್ವನಿ ಹೊರಡುತ್ತಿಲ್ಲವೆಂಬುದು ಮೂರನೆಯದು. ಇವು ಮೂರೂ ಬೇರೆ ಬೇರೆ ದೋಷಗಳಂತೆ ಕಂಡರೂ ಬಹುಪಾಲು ಸಂದರ್ಭಗಳಲ್ಲಿ ಇವುಗಳ ಮೂಲ ಒಂದೇ ಆಗಿರುತ್ತದೆ. ಆಂಪ್ಲಿಫೈಯರ್ ಬಯಸುವ ವಿದ್ಯುತ್ತನ್ನು ಆ ಕಾರು ಕೊಡಬಲ್ಲುದೇ ಎಂಬ ಲೆಕ್ಕವನ್ನು ಮಾರಾಟಕ್ಕೆ ಮೊದಲು ಯಾರೂ ಹಾಕಿರುವುದಿಲ್ಲ.

ಈ ಲೆಕ್ಕ ತಪ್ಪಿದಾಗ ನಷ್ಟ ಭರಿಸುವವನು ಬಹುತೇಕ ಅಂಗಡಿಯವನೇ. ಒಂದು ಅಳವಡಿಕೆಯಿಂದ ಎಲ್ಲ ಖರ್ಚು ಕಳೆದು 2,000 ರೂಪಾಯಿ ಉಳಿಯಿತೆಂದು ಭಾವಿಸೋಣ. ಗ್ರಾಹಕನ ಸಮಾಧಾನಕ್ಕಾಗಿ 4,500 ರೂಪಾಯಿಯ ಒಂದು ಬ್ಯಾಟರಿಯನ್ನು ಉಚಿತವಾಗಿ ಕೊಡಬೇಕಾಗಿ ಬಂದರೆ, ಆ ಕೆಲಸದ ಲಾಭವಷ್ಟೇ ಅಲ್ಲದೆ ಮುಂದಿನ ಒಂದು ಕೆಲಸದ ಲಾಭವೂ ಕರಗಿ, ಇನ್ನೂ 500 ರೂಪಾಯಿ ಕೈಯಿಂದ ಹೋಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಮೊದಲ್ಗೊಂಡು ತಾಲ್ಲೂಕು ಕೇಂದ್ರಗಳ ಸಣ್ಣ ಮಳಿಗೆಗಳವರೆಗೆ ಈ ವ್ಯಾಪಾರದಲ್ಲಿ ತೊಡಗಿರುವವರಿಗೂ, ತಂತಿಯ ಕಿಟ್, ಫ್ಯೂಸ್ ಹೋಲ್ಡರ್ ಹಾಗೂ ಆಂಪ್ಲಿಫೈಯರ್ ತಯಾರಿಸುವ ಸಣ್ಣ ಉದ್ದಿಮೆದಾರರಿಗೂ ಉಪಯುಕ್ತವಾಗಲೆಂದು ಈ ವಿಷಯದ ಮೂಲಾಂಶಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

1. ಆದಾಯ ಯಾವುದು, ಉಳಿತಾಯ ಯಾವುದು?

ಕಾರಿನ ವಿದ್ಯುತ್ ವ್ಯವಸ್ಥೆಯಲ್ಲಿ ಆಲ್ಟರ್ನೇಟರ್ ಒಂದೇ ಆದಾಯದ ಮೂಲ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಅದು ಎಂಜಿನ್ ಓಡುತ್ತಿರುವಷ್ಟು ಕಾಲ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಬ್ಯಾಟರಿಯಾದರೋ ಏನನ್ನೂ ಉತ್ಪಾದಿಸುವುದಿಲ್ಲ. ಎಂಜಿನ್ ಚಾಲೂ ಮಾಡಲು ಮತ್ತು ತಾತ್ಕಾಲಿಕ ಕೊರತೆಯನ್ನು ತುಂಬಲು ಇಟ್ಟುಕೊಂಡ ಠೇವಣಿ ಅದು. ಅದರಿಂದ ತೆಗೆದುದನ್ನು ಆಲ್ಟರ್ನೇಟರ್ ಮರಳಿ ತುಂಬಲೇಬೇಕು. ತುಂಬುವಾಗ ಸ್ವಲ್ಪ ನಷ್ಟವೂ ಆಗುತ್ತದೆ. ಆದುದರಿಂದ "ದೊಡ್ಡ ಬ್ಯಾಟರಿ ಹಾಕಿದರೆ ಎಲ್ಲ ಸರಿಹೋಗುತ್ತದೆ" ಎಂಬ ಮಾತು, ಆದಾಯ ಹೆಚ್ಚಿಸದೆ ಕೇವಲ ಹುಂಡಿಯನ್ನು ದೊಡ್ಡದು ಮಾಡಿದಂತೆಯೇ ಸರಿ.

ವೋಲ್ಟೇಜಿನ ಅಂಕಿಗಳೂ ಇದನ್ನೇ ಹೇಳುತ್ತವೆ. ಆರು ಕೋಶಗಳ ಸೀಸ-ಆಮ್ಲ ಬ್ಯಾಟರಿಯು ಪೂರ್ಣ ಚಾರ್ಜ್ ಆಗಿ, ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ವೋಲ್ಟ್ ಆಸುಪಾಸಿಗೆ ಇಳಿದರೆ ಅದು ಅರ್ಧ ಬರಿದಾಗಿದೆಯೆಂದೂ, 12 ವೋಲ್ಟಿಗಿಂತ ಕೆಳಗಿಳಿದರೆ ಬಹುತೇಕ ಖಾಲಿಯಾಗಿದೆಯೆಂದೂ ತಿಳಿಯಬೇಕು. ಎಂಜಿನ್ ಓಡುವಾಗ ಆಲ್ಟರ್ನೇಟರ್ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಕಾಯ್ದುಕೊಳ್ಳುತ್ತದೆ. ಒಟ್ಟು ಬೇಡಿಕೆಯು ಆಲ್ಟರ್ನೇಟರ್‌ನ ಸಾಮರ್ಥ್ಯವನ್ನು ಮೀರಿದ ಕ್ಷಣದಲ್ಲಿ ಈ ವೋಲ್ಟೇಜ್ ಕುಸಿಯುತ್ತದೆ. ಉಳಿದ ವಿದ್ಯುತ್ತನ್ನು ಬ್ಯಾಟರಿಯೇ ಕೊಡಬೇಕಾಗುತ್ತದೆ. ದೀಪಗಳು ಮಂಕಾಗುವುದು ಈ ಕುಸಿತದ ಕಣ್ಣಿಗೆ ಕಾಣುವ ಗುರುತು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಆಲ್ಟರ್ನೇಟರ್ ಮೇಲೆ 70 ಆಂಪಿಯರ್ ಎಂದು ಬರೆದಿದ್ದರೆ ಅದು ಎಲ್ಲ ವೇಗದಲ್ಲೂ ದೊರೆಯುವ ಪ್ರಮಾಣವಲ್ಲ. ಆಲ್ಟರ್ನೇಟರ್ ವೇಗವಾಗಿ ತಿರುಗುವಾಗ ದೊರೆಯುವ ಪ್ರಮಾಣ. ಸಿಗ್ನಲಿನಲ್ಲಿ ನಿಂತ ಕಾರಿನ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಅದರ ಸುಮಾರು ಅರ್ಧದಷ್ಟು, ಹೆಚ್ಚೆಂದರೆ ಅದಕ್ಕಿಂತ ತುಸು ಹೆಚ್ಚು ಮಾತ್ರ ದೊರೆಯುತ್ತದೆ. ಎಂಜಿನ್ ಬಿಸಿಯಾದಂತೆ ಈ ಪ್ರಮಾಣ ಮತ್ತಷ್ಟು ತಗ್ಗುತ್ತದೆ. ಹೆದ್ದಾರಿಯಲ್ಲಿ ಯಾವ ತೊಂದರೆಯನ್ನೂ ಕೊಡದ ಅಳವಡಿಕೆಯು ನಗರದ ವಾಹನ ದಟ್ಟಣೆಯಲ್ಲಿ ತೊಂದರೆ ಕೊಡುವುದಕ್ಕೆ ಇದೇ ಕಾರಣ.

2. ಆಂಪ್ಲಿಫೈಯರ್‌ನ ನಿಜವಾದ ಬೇಡಿಕೆ

ಆಂಪ್ಲಿಫೈಯರ್‌ನ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುವ "ಗರಿಷ್ಠ ವಾಟ್" ಎಂಬ ಅಂಕಿಯಿಂದ ಯಾವ ಲೆಕ್ಕವನ್ನೂ ಹಾಕಲಾಗದು. ಲೆಕ್ಕಕ್ಕೆ ಬೇಕಾದುದು ಅದು ನಿರಂತರವಾಗಿ ಕೊಡಬಲ್ಲ ಶಕ್ತಿ, ಅಂದರೆ ಆರ್.ಎಂ.ಎಸ್. ವಾಟ್. ಇದರ ಜೊತೆಗೆ ಆಂಪ್ಲಿಫೈಯರ್‌ನ ದಕ್ಷತೆಯನ್ನೂ ಪರಿಗಣಿಸಬೇಕು. ಹಳೆಯ ಮಾದರಿಯ ಎ.ಬಿ. ದರ್ಜೆಯ ಆಂಪ್ಲಿಫೈಯರ್ ತಾನು ಪಡೆದ ವಿದ್ಯುತ್ತಿನಲ್ಲಿ ಪೂರ್ಣ ಶಕ್ತಿಯಲ್ಲಿ ದುಡಿಯುವಾಗಲೂ ಸುಮಾರು ಶೇ. 50ರಿಂದ 60ರಷ್ಟನ್ನು ಮಾತ್ರ ಸ್ಪೀಕರಿಗೆ ತಲುಪಿಸಿ, ಉಳಿದುದನ್ನು ಶಾಖವಾಗಿ ಕಳೆಯುತ್ತದೆ. ಡಿ ದರ್ಜೆಯ ಆಂಪ್ಲಿಫೈಯರ್ ಶೇ. 80 ಅಥವಾ ಅದಕ್ಕೂ ಹೆಚ್ಚನ್ನು ತಲುಪಿಸಬಲ್ಲುದು.

ಸೂತ್ರ ಸರಳವಾಗಿದೆ. ಆರ್.ಎಂ.ಎಸ್. ವಾಟನ್ನು ದಕ್ಷತೆಯಿಂದ ಭಾಗಿಸಿ, ಬಂದುದನ್ನು ವೋಲ್ಟೇಜಿನಿಂದ ಭಾಗಿಸಿದರೆ ಬೇಕಾದ ಆಂಪಿಯರ್ ದೊರೆಯುತ್ತದೆ. 500 ವಾಟಿನ ಎ.ಬಿ. ದರ್ಜೆಯ ಆಂಪ್ಲಿಫೈಯರ್‌ನ ದಕ್ಷತೆ ಶೇ. 55 ಎಂದಿಟ್ಟುಕೊಂಡರೆ, ಅದು ಸೆಳೆಯುವ ಶಕ್ತಿ ಸುಮಾರು 909 ವಾಟ್, 13.8 ವೋಲ್ಟಿನಲ್ಲಿ ಇದು ಸುಮಾರು 66 ಆಂಪಿಯರ್. ಅದೇ 500 ವಾಟಿನ ಡಿ ದರ್ಜೆಯ ಆಂಪ್ಲಿಫೈಯರ್‌ಗೆ ಶೇ. 80ರ ದಕ್ಷತೆಯಲ್ಲಿ 625 ವಾಟ್, ಅಂದರೆ ಸುಮಾರು 45 ಆಂಪಿಯರ್ ಸಾಕು.

ಆದರೆ ಸಂಗೀತವು ಸದಾ ಒಂದೇ ಮಟ್ಟದಲ್ಲಿರುವುದಿಲ್ಲ. ತಬಲದ ಪೆಟ್ಟು ಬಿದ್ದಾಗ ಬೇಡಿಕೆ ಶಿಖರಕ್ಕೇರಿ, ಮರುಕ್ಷಣ ಇಳಿಯುತ್ತದೆ. ಆದುದರಿಂದ ಜೋರಾಗಿ ಹಾಡು ಕೇಳುವಾಗಿನ ಸರಾಸರಿ ಬೇಡಿಕೆಯನ್ನು ಗರಿಷ್ಠದ ಸುಮಾರು ಮೂರನೆಯ ಒಂದು ಭಾಗವೆಂದು ಅಂದಾಜಿಸುವುದು ಈ ವೃತ್ತಿಯಲ್ಲಿ ರೂಢಿ. ವೂಫರ್ ನಿರಂತರವಾಗಿ ಗುಡುಗುವ ಬಗೆಯ ಸಂಗೀತವಾದರೆ ಅರ್ಧದಷ್ಟೆಂದು ಹಿಡಿಯುವುದು ಕ್ಷೇಮ. ತಂತಿ ಮತ್ತು ಫ್ಯೂಸುಗಳನ್ನು ಗರಿಷ್ಠ ಬೇಡಿಕೆಗೂ, ಆಲ್ಟರ್ನೇಟರ್‌ನ ಲೆಕ್ಕವನ್ನು ಸರಾಸರಿ ಬೇಡಿಕೆಗೂ ಹೊಂದಿಸಬೇಕು. ಈ ಎರಡನ್ನು ಬೆರೆಸಿದಲ್ಲಿ ಲೆಕ್ಕ ಎರಡೂ ಕಡೆ ತಪ್ಪುತ್ತದೆ.

3. ಒಂದು ಮಾದರಿ ಆಯ-ವ್ಯಯ

ಒಂದು ಸಣ್ಣ ಪೆಟ್ರೋಲ್ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಆಲ್ಟರ್ನೇಟರ್ 70 ಆಂಪಿಯರಿನದು. ನಿಂತಲ್ಲಿ ಓಡುವಾಗ 40 ಆಂಪಿಯರ್ ಕೊಡುತ್ತದೆ. ಬ್ಯಾಟರಿ 35 ಆಂಪಿಯರ್-ಗಂಟೆಯದು. ಮಳೆಗಾಲದ ರಾತ್ರಿಯಲ್ಲಿ ಆ ಕಾರಿನ ಸ್ವಂತ ಖರ್ಚನ್ನು ಹೀಗೆ ಅಂದಾಜಿಸಬಹುದು:

ಮುಂದಿನ ಹಾಗೂ ಹಿಂದಿನ ದೀಪಗಳು: 10 ಆಂಪಿಯರ್
ಎಂಜಿನ್ ನಿಯಂತ್ರಣ, ಇಗ್ನಿಷನ್, ಇಂಧನ ಪಂಪು: 8 ಆಂಪಿಯರ್
ಎ.ಸಿ. ಬ್ಲೋವರ್: 8 ಆಂಪಿಯರ್
ಎ.ಸಿ. ಕ್ಲಚ್: 3 ಆಂಪಿಯರ್
ರೇಡಿಯೇಟರ್ ಫ್ಯಾನ್, ಸರಾಸರಿ: 6 ಆಂಪಿಯರ್
ವೈಪರ್: 3 ಆಂಪಿಯರ್
ಒಟ್ಟು: 38 ಆಂಪಿಯರ್

ಕಾರು ಹೆದ್ದಾರಿಯಲ್ಲಿ ಓಡುವಾಗ 70ರಲ್ಲಿ 38 ಕಳೆದು 32 ಆಂಪಿಯರ್ ಉಳಿಯುತ್ತದೆ. ಮೇಲೆ ಹೇಳಿದ ಎ.ಬಿ. ದರ್ಜೆಯ ಆಂಪ್ಲಿಫೈಯರ್‌ನ ಸರಾಸರಿ ಬೇಡಿಕೆ 22 ಆಂಪಿಯರ್. ಅದನ್ನು ಕೊಟ್ಟ ಮೇಲೂ 10 ಆಂಪಿಯರ್ ಮಿಗುತ್ತದೆ. ಇದು ಬ್ಯಾಟರಿಯ ಖಾತೆಗೆ ಜಮೆಯಾಗುತ್ತದೆ.

ಅದೇ ಕಾರು ದಟ್ಟಣೆಯಲ್ಲಿ ನಿಂತಾಗ ಆದಾಯ 40, ಸ್ವಂತ ಖರ್ಚು 38, ಆಂಪ್ಲಿಫೈಯರ್‌ನ ಬೇಡಿಕೆ 22. ಪ್ರತಿ ಕ್ಷಣವೂ 20 ಆಂಪಿಯರ್ ಕೊರತೆ. ಅರ್ಧ ಗಂಟೆ ಹೀಗೆ ನಿಂತರೆ 10 ಆಂಪಿಯರ್-ಗಂಟೆ ಬ್ಯಾಟರಿಯಿಂದ ಖರ್ಚಾಗುತ್ತದೆ. ಇದು ಅದರ ಒಟ್ಟು ಸಾಮರ್ಥ್ಯದ ಕಾಲು ಭಾಗಕ್ಕಿಂತ ಹೆಚ್ಚು. ವಾಸ್ತವದಲ್ಲಿ ಪೆಟ್ಟು ಇನ್ನೂ ಜೋರಾಗಿರುತ್ತದೆ. 35 ಆಂಪಿಯರ್-ಗಂಟೆ ಎಂಬುದು 20 ಗಂಟೆಗಳ ಕಾಲ 1.75 ಆಂಪಿಯರಿನಂತೆ ನಿಧಾನವಾಗಿ ತೆಗೆದಾಗ ದೊರೆಯುವ ಪ್ರಮಾಣ. ವೇಗವಾಗಿ ತೆಗೆದಷ್ಟೂ ಒಟ್ಟು ದೊರೆಯುವುದು ಕಡಿಮೆಯಾಗುತ್ತದೆ.

ಈ 10 ಆಂಪಿಯರ್-ಗಂಟೆಯನ್ನು ಮರಳಿ ತುಂಬಲು, 10 ಆಂಪಿಯರಿನ ಮಿಗುತೆಯಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಅಡೆತಡೆಯಿಲ್ಲದೆ ಕಾರು ಓಡಬೇಕು. ಬೆಳಿಗ್ಗೆ ಮತ್ತು ಸಂಜೆ ನಗರದಲ್ಲೇ ಓಡುವ ಕಾರಿಗೆ ಅಂತಹ ಒಂದು ಗಂಟೆ ಎಲ್ಲಿ ದೊರೆಯುತ್ತದೆ? ದಿನದಿನವೂ ಸ್ವಲ್ಪ ಸ್ವಲ್ಪ ಕೊರತೆ ಉಳಿಯುತ್ತಾ ಹೋಗುತ್ತದೆ. ಎಂಜಿನ್ ಚಾಲೂ ಮಾಡಲೆಂದು ತಯಾರಾದ ಸೀಸ-ಆಮ್ಲ ಬ್ಯಾಟರಿಯು ಇಂತಹ ಅರೆ-ಚಾರ್ಜ್ ಸ್ಥಿತಿಯನ್ನು ಬಹುಕಾಲ ತಾಳದು. ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕುಳಿತು ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಗ್ರಾಹಕನು "ಕೆಟ್ಟ ಬ್ಯಾಟರಿ" ಎಂದು ಹಿಡಿದು ತರುವುದು ಇದನ್ನೇ. ಬ್ಯಾಟರಿಯಲ್ಲಿ ದೋಷವಿರಲಿಲ್ಲ, ಆಯ-ವ್ಯಯದಲ್ಲಿ ದೋಷವಿತ್ತು.

ಇದೇ ಜಾಗದಲ್ಲಿ ಡಿ ದರ್ಜೆಯ ಆಂಪ್ಲಿಫೈಯರ್ ಇದ್ದಿದ್ದರೆ ಸರಾಸರಿ ಬೇಡಿಕೆ 15 ಆಂಪಿಯರ್ ಆಗುತ್ತಿತ್ತು. ನಿಂತಾಗಿನ ಕೊರತೆ 13ಕ್ಕೆ ಇಳಿದು, ಓಡುವಾಗಿನ ಮಿಗುತೆ 17ಕ್ಕೆ ಏರುತ್ತಿತ್ತು. ಬದಲಿಗೆ ಎ.ಬಿ. ದರ್ಜೆಯ ಆಂಪ್ಲಿಫೈಯರ್‌ನಲ್ಲಿ ವೂಫರ್ ಪ್ರಧಾನವಾದ ಸಂಗೀತ ಕೇಳುವ ಗ್ರಾಹಕನಾದರೆ ಸರಾಸರಿ ಬೇಡಿಕೆ 33 ಆಂಪಿಯರ್‌ಗೆ ಏರಿ, ಹೆದ್ದಾರಿಯಲ್ಲೂ ಬ್ಯಾಟರಿಗೆ ಏನೂ ಉಳಿಯುತ್ತಿರಲಿಲ್ಲ. ಗ್ರಾಹಕನು ಎಲ್ಲಿ ಓಡಿಸುತ್ತಾನೆ, ಏನು ಕೇಳುತ್ತಾನೆ ಎಂಬ ಎರಡು ಪ್ರಶ್ನೆಗಳನ್ನು ಮಾರಾಟಕ್ಕೆ ಮೊದಲು ಕೇಳಬೇಕಾದುದು ಈ ಕಾರಣಕ್ಕಾಗಿಯೇ.

4. ದಾರಿಯಲ್ಲಿ ಆಗುವ ಸೋರಿಕೆ

ಆದಾಯ ಸಾಕಷ್ಟಿದ್ದರೂ ಅದು ಆಂಪ್ಲಿಫೈಯರ್‌ವರೆಗೆ ತಲುಪದಿರಬಹುದು. ಬಾನೆಟ್ಟಿನಲ್ಲಿರುವ ಬ್ಯಾಟರಿಯಿಂದ ಡಿಕ್ಕಿಯಲ್ಲಿರುವ ಆಂಪ್ಲಿಫೈಯರ್‌ಗೆ ಸುಮಾರು 5 ಮೀಟರ್ ತಂತಿ ಬೇಕಾಗುತ್ತದೆ. ಶುದ್ಧ ತಾಮ್ರದ ಅಷ್ಟು ಉದ್ದದ ತಂತಿಯಲ್ಲಿ 60 ಆಂಪಿಯರ್ ಹರಿಯುವಾಗ ಆಗುವ ವೋಲ್ಟೇಜ್ ನಷ್ಟ ಹೀಗಿದೆ:

10 ಗೇಜ್ (ಸುಮಾರು 5.3 ಚದರ ಮಿ.ಮೀ.): 0.97 ವೋಲ್ಟ್
8 ಗೇಜ್ (ಸುಮಾರು 8.4 ಚದರ ಮಿ.ಮೀ.): 0.61 ವೋಲ್ಟ್
4 ಗೇಜ್ (ಸುಮಾರು 21 ಚದರ ಮಿ.ಮೀ.): 0.25 ವೋಲ್ಟ್

10 ಗೇಜಿನ ತಂತಿಯಲ್ಲಿ ನಷ್ಟವಾಗುವ ಶಕ್ತಿ ಸುಮಾರು 58 ವಾಟ್. ಹಳೆಯ 60 ವಾಟಿನ ಬಲ್ಬೊಂದು ಹೊರಸೂಸುವಷ್ಟು ಶಾಖ ಕಾರ್ಪೆಟ್ಟಿನ ಕೆಳಗೆ ತಂತಿಯುದ್ದಕ್ಕೂ ಹರಡುತ್ತದೆಂದರೆ ಅಪಾಯದ ಅರಿವಾಗಬಹುದು. ತಂತಿಯು ತಾಮ್ರ ಲೇಪಿತ ಅಲ್ಯೂಮಿನಿಯಮ್ಮಿನದಾದರೆ ಅದೇ ಗಾತ್ರಕ್ಕೆ ನಷ್ಟ ಸುಮಾರು ಒಂದೂವರೆ ಪಟ್ಟಿಗಿಂತ ಹೆಚ್ಚು. ಅಂತಹ ತಂತಿಯನ್ನು ಬಳಸಲೇಬೇಕಾದಲ್ಲಿ ಒಂದೆರಡು ಅಳತೆ ದಪ್ಪನೆಯದನ್ನು ಆಯ್ದುಕೊಳ್ಳಬೇಕು.

ಹಿಂದಿರುಗುವ ದಾರಿಯನ್ನೂ ಮರೆಯಬಾರದು. ಆಂಪ್ಲಿಫೈಯರ್‌ನ ಅರ್ತ್ ತಂತಿಯು ಧನ ತಂತಿಯಷ್ಟೇ ದಪ್ಪವಾಗಿರಬೇಕು, ಆದಷ್ಟು ಗಿಡ್ಡವಾಗಿರಬೇಕು ಮತ್ತು ಬಣ್ಣವನ್ನು ಕೆರೆದು ತೆಗೆದ ಬರಿಯ ಲೋಹಕ್ಕೆ ಬೋಲ್ಟಿನಿಂದ ಬಿಗಿಯಾಗಿರಬೇಕು. ಬಣ್ಣದ ಮೇಲೆಯೇ ತಿರುಗಿಸಿದ ಒಂದು ಸ್ಕ್ರೂ, ಸಾವಿರಾರು ರೂಪಾಯಿಯ ಉಪಕರಣವನ್ನು ನಿಷ್ಪ್ರಯೋಜಕಗೊಳಿಸಬಲ್ಲುದು. ಅದೇ ರೀತಿ ಆಲ್ಟರ್ನೇಟರಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಬಾಡಿಗೆ, ಎಂಜಿನ್ನಿನಿಂದ ಬಾಡಿಗೆ ಹೋಗುವ ಮೂರು ಮೂಲ ತಂತಿಗಳು ಕಾರಿನ ಸ್ವಂತ ಅಗತ್ಯಕ್ಕೆ ತಕ್ಕಂತೆ ಮಾತ್ರ ಇರುತ್ತವೆ. ದೊಡ್ಡ ಆಂಪ್ಲಿಫೈಯರ್ ಹಾಕುವಾಗ ಇವುಗಳ ಜೊತೆಗೆ ದಪ್ಪನೆಯ ತಂತಿಗಳನ್ನು ಸೇರಿಸುವುದು ಕಡಿಮೆ ವೆಚ್ಚದ, ಹೆಚ್ಚು ಫಲದ ಸುಧಾರಣೆ.

ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಕಾಪಾಡಲು ಅಲ್ಲ, ತಂತಿಯನ್ನು ಕಾಪಾಡಲು. ಆದುದರಿಂದ ಅದು ಬ್ಯಾಟರಿಯ ಧನ ತುದಿಯಿಂದ 45 ಸೆಂಟಿಮೀಟರಿನೊಳಗೆ ಇರಬೇಕು. ಅದರ ಅಳತೆಯು ತಂತಿ ತಾಳಬಲ್ಲ ಆಂಪಿಯರನ್ನು ಮೀರಬಾರದು. ಡಿಕ್ಕಿಯಲ್ಲಿ ಫ್ಯೂಸ್ ಹಾಕಿ, ನಡುವಿನ 5 ಮೀಟರ್ ತಂತಿಯನ್ನು ರಕ್ಷಣೆಯಿಲ್ಲದೆ ಬಿಟ್ಟರೆ, ಎಲ್ಲೋ ಒಂದೆಡೆ ಅದರ ಹೊದಿಕೆ ಸವೆದು ಲೋಹಕ್ಕೆ ತಗುಲಿದಾಗ ಬೆಂಕಿ ತಪ್ಪಿದ್ದಲ್ಲ.

5. ದೋಷ ಎಲ್ಲಿದೆಯೆಂದು ತಿಳಿಯುವ ಬಗೆ

ಕೆಲವು ನೂರು ರೂಪಾಯಿಯ ಮಲ್ಟಿಮೀಟರಿನಿಂದ ಈ ಪರೀಕ್ಷೆಯನ್ನು ಹತ್ತು ನಿಮಿಷದಲ್ಲಿ ಮುಗಿಸಬಹುದು.

ಮೊದಲು, ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ ಬ್ಯಾಟರಿಯ ವೋಲ್ಟೇಜ್ ನೋಡಬೇಕು. ಅದು 12.4ಕ್ಕಿಂತ ಕಡಿಮೆಯಿದ್ದರೆ ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡದೆ ಮುಂದಿನ ಪರೀಕ್ಷೆಗೆ ಹೋಗಬಾರದು. ಎರಡನೆಯದಾಗಿ, ಎಂಜಿನ್ ಚಾಲೂ ಮಾಡಿ, ದೀಪ ಮತ್ತು ಎ.ಸಿ. ಹಾಕಿ, ಗ್ರಾಹಕನು ಕೇಳುವಷ್ಟು ಜೋರಾಗಿ ಸಂಗೀತ ಹಾಕಿ, ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜನ್ನು ಅಳೆಯಬೇಕು. ಮೂರನೆಯದಾಗಿ, ಅದೇ ಸ್ಥಿತಿಯಲ್ಲಿ ಆಂಪ್ಲಿಫೈಯರ್‌ನ ತುದಿಗಳಲ್ಲಿ ಅಳೆಯಬೇಕು.

ಬ್ಯಾಟರಿಯಲ್ಲಿ 13.8 ಇದ್ದು ಆಂಪ್ಲಿಫೈಯರ್‌ನಲ್ಲಿ 12.6 ಇದ್ದರೆ ದೋಷ ತಂತಿ, ಫ್ಯೂಸ್ ಹೋಲ್ಡರ್ ಅಥವಾ ಅರ್ತ್‌ನಲ್ಲಿದೆ. ಇಲ್ಲಿ ಹೊಸ ಬ್ಯಾಟರಿ ಮಾರುವುದು ಗ್ರಾಹಕನಿಗೆ ಮಾಡುವ ಅನ್ಯಾಯ. ಎರಡೂ ಕಡೆ ಒಟ್ಟಿಗೆ 12.5ರ ಆಸುಪಾಸಿಗೆ ಇಳಿದರೆ ಆಲ್ಟರ್ನೇಟರ್‌ನ ಸಾಮರ್ಥ್ಯ ಸಾಲದಾಗಿದೆ ಅಥವಾ ಅದರ ಬೆಲ್ಟ್ ಸಡಿಲವಾಗಿದೆ. ಇಲ್ಲಿ ತಂತಿ ಬದಲಾಯಿಸಿ ಫಲವಿಲ್ಲ. ಬ್ಯಾಟರಿಗೂ ಆಂಪ್ಲಿಫೈಯರ್‌ಗೂ ನಡುವಿನ ಅಂತರ ಅರ್ಧ ವೋಲ್ಟನ್ನು ಮೀರದಿದ್ದರೆ ಅಳವಡಿಕೆ ತೃಪ್ತಿಕರವೆಂದು ತಿಳಿಯಬಹುದು.

ವೋಲ್ಟೇಜ್ ಇಳಿದರೆ ಧ್ವನಿಗೆ ಆಗುವ ನಷ್ಟವೂ ಸಣ್ಣದಲ್ಲ. ಒಳಗೆ ವೋಲ್ಟೇಜ್ ನಿಯಂತ್ರಣವಿಲ್ಲದ ಆಂಪ್ಲಿಫೈಯರ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 14.4ರಿಂದ 12 ವೋಲ್ಟಿಗೆ ಇಳಿದಾಗ ಶೇ. 30ರಷ್ಟು ಶಕ್ತಿ ಮಾಯವಾಗುತ್ತದೆ. ಗ್ರಾಹಕನು ಧ್ವನಿ ಸಾಲದೆಂದು ಇನ್ನಷ್ಟು ಏರಿಸುತ್ತಾನೆ. ಧ್ವನಿಯ ಅಲೆ ತುದಿಯಲ್ಲಿ ಕತ್ತರಿಸಿದಂತಾಗಿ ಸ್ಪೀಕರ್ ಸುಡುತ್ತದೆ. ನಿಯಂತ್ರಣವಿರುವ ಆಂಪ್ಲಿಫೈಯರ್ ಆದರೆ ತನ್ನ ಶಕ್ತಿಯನ್ನು ಕಾಯ್ದುಕೊಳ್ಳಲು ಇನ್ನೂ ಹೆಚ್ಚು ಆಂಪಿಯರ್ ಸೆಳೆದು ಬ್ಯಾಟರಿಯ ಮೇಲಿನ ಭಾರವನ್ನು ಹೆಚ್ಚಿಸುತ್ತದೆ.

ನಿಂತ ಕಾರಿನಲ್ಲಿ ಆಗುವ ಸೋರಿಕೆಯನ್ನೂ ಪರೀಕ್ಷಿಸಬೇಕು. ಆಂಪ್ಲಿಫೈಯರನ್ನು ಚಾಲೂ ಮಾಡುವ ರಿಮೋಟ್ ತಂತಿಯನ್ನು ತಪ್ಪಾದ ಜಾಗಕ್ಕೆ ಜೋಡಿಸಿದರೆ, ಕೀಲಿ ತೆಗೆದ ಮೇಲೂ ಅದು ಎಚ್ಚರವಾಗಿಯೇ ಇದ್ದು ಒಂದು ಆಂಪಿಯರಿನಷ್ಟು ಸೆಳೆಯುತ್ತಿರಬಹುದು. 35 ಆಂಪಿಯರ್-ಗಂಟೆಯ ಬ್ಯಾಟರಿ ಒಂದೂವರೆ ದಿನದಲ್ಲಿ ಬರಿದಾಗಲು ಅಷ್ಟು ಸಾಕು.

6. ಪರಿಹಾರಗಳ ಕ್ರಮ

ಪರಿಹಾರಗಳನ್ನು ಕಡಿಮೆ ವೆಚ್ಚದಿಂದ ಹೆಚ್ಚಿನ ವೆಚ್ಚದ ಕಡೆಗೆ ಕ್ರಮವಾಗಿ ಕೈಗೊಳ್ಳುವುದು ಉಚಿತ.

ಒಂದು, ತಂತಿ, ಅರ್ತ್ ಮತ್ತು ಬೆಲ್ಟ್. ಇವನ್ನು ಸರಿಪಡಿಸದೆ ಬೇರಾವುದಕ್ಕೂ ಹಣ ಹಾಕಿಸಬಾರದು.

ಎರಡು, ಬೇಡಿಕೆಯನ್ನು ತಗ್ಗಿಸುವುದು. ಡಿ ದರ್ಜೆಯ ಆಂಪ್ಲಿಫೈಯರ್ ಇದಕ್ಕೆ ಒಂದು ದಾರಿ. ಸಂವೇದನಾಶೀಲತೆ ಹೆಚ್ಚಿರುವ ಸ್ಪೀಕರ್ ಇನ್ನೊಂದು. 87 ಡೆಸಿಬಲ್ ಬದಲು 90 ಡೆಸಿಬಲ್ ಎಂದು ನಮೂದಾಗಿರುವ ಸ್ಪೀಕರ್, ಅರ್ಧ ಶಕ್ತಿಯಲ್ಲಿಯೇ ಅಷ್ಟೇ ಧ್ವನಿ ಕೊಡುತ್ತದೆ. 500 ವಾಟಿನ ಕೆಲಸ 250 ವಾಟಿನಲ್ಲಿ ಮುಗಿಯುವುದಾದರೆ ಆಲ್ಟರ್ನೇಟರ್ ಬದಲಾಯಿಸುವ ಪ್ರಶ್ನೆಯೇ ಏಳದು.

ಮೂರು, ಆರೋಗ್ಯಕರವಾದ ಬ್ಯಾಟರಿ. ಬ್ಯಾಟರಿ ಟ್ರೇಯಲ್ಲಿ ಕೂರುವ, ಕಾರಿನ ತಯಾರಕರು ಒಪ್ಪುವ ಗಾತ್ರದಲ್ಲಿ ತುಸು ಹೆಚ್ಚಿನ ಸಾಮರ್ಥ್ಯದ್ದು ಅಥವಾ ಎ.ಜಿ.ಎಂ. ಬಗೆಯದು ಕ್ಷಣಿಕ ಬೇಡಿಕೆಗಳನ್ನು ಚೆನ್ನಾಗಿ ನಿಭಾಯಿಸುತ್ತದೆ.

ನಾಲ್ಕು, ಹೆಚ್ಚಿನ ಸಾಮರ್ಥ್ಯದ ಆಲ್ಟರ್ನೇಟರ್. ಆದಾಯವನ್ನು ನಿಜವಾಗಿ ಹೆಚ್ಚಿಸುವ ಮಾರ್ಗ ಇದೊಂದೇ. ಆದರೆ ಕೊಳ್ಳುವಾಗ ಗರಿಷ್ಠ ಆಂಪಿಯರನ್ನಷ್ಟೇ ಅಲ್ಲ, ನಿಧಾನಗತಿಯಲ್ಲಿ ಎಷ್ಟು ಕೊಡುತ್ತದೆಂಬುದನ್ನೂ ಕೇಳಬೇಕು. ಈ ವಿದ್ಯುತ್ ಉಚಿತವೂ ಅಲ್ಲ. 150 ಆಂಪಿಯರ್ ಪೂರ್ಣವಾಗಿ ಪಡೆದಾಗ ಎಂಜಿನ್ನಿನ ಮೇಲೆ ಸುಮಾರು 5 ಅಶ್ವಶಕ್ತಿಯ ಭಾರ ಬೀಳುತ್ತದೆ. ಅದರ ಬೆಲೆ ಇಂಧನದಲ್ಲಿ ಸಲ್ಲುತ್ತದೆ.

ಐದು, ಎರಡನೆಯ ಬ್ಯಾಟರಿ. ಎಂಜಿನ್ ನಿಲ್ಲಿಸಿ ಸಂಗೀತ ಕೇಳುವವರಿಗೆ ಇದು ಉಪಯುಕ್ತ. ಎರಡನ್ನೂ ಬೇರ್ಪಡಿಸುವ ಐಸೋಲೇಟರ್ ಇರಬೇಕು. ಆದರೆ ಇದನ್ನೂ ತುಂಬಬೇಕಾದುದು ಅದೇ ಆಲ್ಟರ್ನೇಟರ್ ಎಂಬುದನ್ನು ನೆನಪಿಡಬೇಕು.

ಕಡೆಯದು, ಕೆಪಾಸಿಟರ್. ದೀಪ ಮಂಕಾಗುವುದಕ್ಕೆ ಮೊದಲ ಮದ್ದೆಂದು ಮಾರಾಟವಾಗುವ ಇದನ್ನು ಕೊನೆಯಲ್ಲಿಡಲು ಕಾರಣ ಲೆಕ್ಕದಲ್ಲಿಯೇ ಇದೆ. ಒಂದು ಫ್ಯಾರಡ್ ಕೆಪಾಸಿಟರ್, 14ರಿಂದ 13 ವೋಲ್ಟಿಗೆ ಇಳಿಯುವಷ್ಟರಲ್ಲಿ 60 ಆಂಪಿಯರನ್ನು ಸೆಕೆಂಡಿನ ಅರವತ್ತನೆಯ ಒಂದು ಭಾಗದಷ್ಟು ಕಾಲ ಮಾತ್ರ ಕೊಡಬಲ್ಲುದು. ಕ್ಷಣಿಕ ಪೆಟ್ಟುಗಳನ್ನು ತುಸು ಮೃದುಗೊಳಿಸೀತೇ ಹೊರತು, ಆದಾಯದ ಕೊರತೆಯನ್ನು ಅದು ತುಂಬಲಾರದು.

7. ಹೊಸ ಕಾರುಗಳಲ್ಲಿ ವಿಶೇಷ ಎಚ್ಚರಿಕೆ

ಇತ್ತೀಚಿನ ಅನೇಕ ಕಾರುಗಳಲ್ಲಿ ಆಲ್ಟರ್ನೇಟರ್‌ನ ವೋಲ್ಟೇಜನ್ನು ಎಂಜಿನ್ನಿನ ಕಂಪ್ಯೂಟರೇ ನಿಯಂತ್ರಿಸುತ್ತದೆ. ಇಂಧನ ಉಳಿಸಲೆಂದು ಅದು ಕೆಲವು ಸನ್ನಿವೇಶಗಳಲ್ಲಿ ಚಾರ್ಜನ್ನು ಬೇಕೆಂದೇ ತಗ್ಗಿಸಿ, ಬ್ರೇಕ್ ಹಾಕುವಾಗ ಏರಿಸುತ್ತದೆ. ಇಂತಹ ಕಾರಿನಲ್ಲಿ ವೋಲ್ಟೇಜ್ ಇಳಿದ ಮಾತ್ರಕ್ಕೆ ಆಲ್ಟರ್ನೇಟರ್ ಕೆಟ್ಟಿದೆಯೆಂದು ತೀರ್ಮಾನಿಸಬಾರದು. ಬ್ಯಾಟರಿಯ ಋಣ ತುದಿಯಲ್ಲಿ ಒಂದು ಸೆನ್ಸರ್ ಕೂಡಿಸಿರುವ ಕಾರುಗಳೂ ಉಂಟು. ಅಲ್ಲಿ ಆಂಪ್ಲಿಫೈಯರ್‌ನ ಅರ್ತನ್ನು ನೇರವಾಗಿ ಬ್ಯಾಟರಿಯ ಋಣ ತುದಿಗೆ ಕೊಟ್ಟರೆ ಆ ಖರ್ಚು ಸೆನ್ಸರಿನ ಲೆಕ್ಕಕ್ಕೆ ಸಿಗದು. ಕಂಪ್ಯೂಟರ್ ಬ್ಯಾಟರಿ ತುಂಬಿದೆಯೆಂದೇ ಭಾವಿಸುತ್ತದೆ. ಅರ್ತನ್ನು ಬಾಡಿಗೆ ಕೊಡುವುದೇ ಸರಿ.

ವಿದ್ಯುತ್ ಚಾಲಿತ ಕಾರುಗಳಲ್ಲಿ ಆಲ್ಟರ್ನೇಟರ್ ಇರುವುದಿಲ್ಲ. ದೊಡ್ಡ ಬ್ಯಾಟರಿಯಿಂದ 12 ವೋಲ್ಟಿನ ಬ್ಯಾಟರಿಯನ್ನು ತುಂಬುವ ಡಿ.ಸಿ. ಪರಿವರ್ತಕವು ಅದರ ಸ್ಥಾನದಲ್ಲಿರುತ್ತದೆ. ಅದಕ್ಕೂ ಒಂದು ಮಿತಿಯಿದೆ. ಆಲ್ಟರ್ನೇಟರಿನಂತೆ ಅದನ್ನು ದೊಡ್ಡದಕ್ಕೆ ಬದಲಾಯಿಸುವುದು ಅಂಗಡಿಯಲ್ಲಿ ಆಗುವ ಕೆಲಸವಲ್ಲ. ಆಯ-ವ್ಯಯದ ನಿಯಮ ಮಾತ್ರ ಇಲ್ಲಿಯೂ ಅದೇ.

8. ಸಣ್ಣ ತಯಾರಕರಿಗೆ

ಮಾರುಕಟ್ಟೆಯ ಗೊಂದಲಕ್ಕೆ ತಯಾರಕರ ನಮೂದುಗಳೂ ಕಾರಣ. ಅಮೆರಿಕದ ಗ್ರಾಹಕ ಎಲೆಕ್ಟ್ರಾನಿಕ್ಸ್ ಉದ್ದಿಮೆಯ ಸಂಘವು 2003ರಲ್ಲಿ ರೂಪಿಸಿದ, ಇಂದು ಸಿ.ಟಿ.ಎ.-2006 ಎಂದು ಕರೆಯುವ ಮಾನದಂಡದ ಪ್ರಕಾರ ಕಾರಿನ ಆಂಪ್ಲಿಫೈಯರ್‌ನ ಶಕ್ತಿಯನ್ನು 14.4 ವೋಲ್ಟಿನಲ್ಲಿ, 4 ಓಮ್ ಭಾರದಲ್ಲಿ, ಶೇ. 1ಕ್ಕೆ ಮೀರದ ವಿಕೃತಿಯಲ್ಲಿ ಅಳೆಯಬೇಕು. ಇದು ಸ್ವಯಂಪ್ರೇರಿತ ಮಾನದಂಡವಾದರೂ, ಈ ಕ್ರಮದಲ್ಲಿ ಅಳೆದ ಅಂಕಿಯನ್ನು ಅಚ್ಚು ಹಾಕುವ ತಯಾರಕನು ಅಂಗಡಿಯವನ ವಿಶ್ವಾಸವನ್ನು ಗಳಿಸುತ್ತಾನೆ. ತಂತಿಯ ಕಿಟ್ ತಯಾರಿಸುವವರು ಗೇಜಿನ ಜೊತೆಗೆ ವಾಹಕದ ನಿಜವಾದ ಚದರ ಮಿಲಿಮೀಟರನ್ನೂ, ಅದು ಶುದ್ಧ ತಾಮ್ರವೋ ಲೇಪಿತ ಅಲ್ಯೂಮಿನಿಯಮ್ಮೋ ಎಂಬುದನ್ನೂ ನಮೂದಿಸಬೇಕು. ದಪ್ಪ ಪ್ಲಾಸ್ಟಿಕ್ ಹೊದಿಸಿ ತೆಳು ತಂತಿಯನ್ನು 4 ಗೇಜ್ ಎಂದು ಮಾರುವುದು, ಇಂದಲ್ಲ ನಾಳೆ ಒಂದು ಬೆಂಕಿ ಅವಘಡದ ಕಡತದಲ್ಲಿ ತಯಾರಕನ ಹೆಸರನ್ನು ಸೇರಿಸುತ್ತದೆ.

9. ಕಾನೂನು ಮತ್ತು ತೆರಿಗೆಯ ದೃಷ್ಟಿಯಿಂದ

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ಉತ್ಪನ್ನ ಹೊಣೆಗಾರಿಕೆಯ ಒಂದು ಪ್ರತ್ಯೇಕ ಅಧ್ಯಾಯವನ್ನೇ ಹೊಂದಿದೆ. ಅದರ 84ನೆಯ ಕಲಮು ತಯಾರಕನಿಗೂ, 85ನೆಯದು ಸೇವೆ ಒದಗಿಸುವವನಿಗೂ, 86ನೆಯದು ಮಾರಾಟಗಾರನಿಗೂ ಸಂಬಂಧಿಸಿವೆ. ಸರಿಯಾದ ಬಳಕೆಯ ಸೂಚನೆ ಹಾಗೂ ಅಪಾಯದ ಎಚ್ಚರಿಕೆ ಕೊಡದಿರುವುದು, ಜೋಡಣೆಯಲ್ಲಿ ತಕ್ಕ ಎಚ್ಚರ ವಹಿಸದಿರುವುದು ಹೊಣೆಗೆ ಕಾರಣವಾಗಬಹುದು. ಕಾರಿಗೆ ಆಂಪ್ಲಿಫೈಯರ್ ಮಾರಿ, ತಾನೇ ಅಳವಡಿಸುವ ವರ್ತಕನು ಮಾರಾಟಗಾರನೂ ಹೌದು, ಸೇವೆ ಒದಗಿಸುವವನೂ ಹೌದು. ದೂರು ಸಲ್ಲಿಸಲು ಗ್ರಾಹಕನಿಗೆ ಸಾಮಾನ್ಯವಾಗಿ ಎರಡು ವರ್ಷಗಳ ಕಾಲಾವಕಾಶವಿದೆ. ಆದುದರಿಂದ ಅಳವಡಿಕೆಯ ದಿನದ ವೋಲ್ಟೇಜ್ ಅಳತೆಗಳ ದಾಖಲೆಯನ್ನು ಕನಿಷ್ಠ ಅಷ್ಟು ಕಾಲವಾದರೂ ಕಾಪಾಡುವುದು ವಿವೇಕ.

ಜಿ.ಎಸ್.ಟಿ. ವಿಷಯದಲ್ಲಿ, 2025ರ ಸೆಪ್ಟೆಂಬರ್ 22ರಿಂದ ಸೀಸ-ಆಮ್ಲ ಬ್ಯಾಟರಿ ಮತ್ತು ಆಲ್ಟರ್ನೇಟರ್‌ಗಳ ದರ ಶೇ. 28ರಿಂದ 18ಕ್ಕೆ ಇಳಿದಿದ್ದು, ಆಂಪ್ಲಿಫೈಯರ್, ತಂತಿ ಹಾಗೂ ಅಳವಡಿಕೆ ಸೇವೆಯ ದರಕ್ಕೆ ಸಮನಾಗಿದೆ. ಇದರಿಂದ ಒಂದೇ ಬಿಲ್ಲಿನಲ್ಲಿ ಯಾವ ದರ ಹಾಕಬೇಕೆಂಬ ಹಿಂದಿನ ಗೊಂದಲ ಬಹಳಮಟ್ಟಿಗೆ ನಿವಾರಣೆಯಾಗಿದೆ. ಆದರೆ ಒಂದು ಎಚ್ಚರಿಕೆ ಅವಶ್ಯ. ಖಾತರಿಯ ಷರತ್ತಿನಂತೆ ಬದಲಿಸಿಕೊಡುವುದು ಬೇರೆ, ಷರತ್ತಿಲ್ಲದೆ ಕೇವಲ ಸಮಾಧಾನಕ್ಕಾಗಿ ಉಚಿತವಾಗಿ ಕೊಡುವುದು ಬೇರೆ. ಎರಡನೆಯದರಲ್ಲಿ ಕೇಂದ್ರ ಜಿ.ಎಸ್.ಟಿ. ಅಧಿನಿಯಮದ 17(5)(ಎಚ್) ಕಲಮಿನಡಿ ಆ ವಸ್ತುವಿನ ಇನ್‌ಪುಟ್ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾದ ಪ್ರಶ್ನೆ ಏಳುತ್ತದೆ. ಉಚಿತ ಬ್ಯಾಟರಿಯು ವರ್ತಕನಿಗೆ ಅದರ ಬೆಲೆಗಿಂತಲೂ ದುಬಾರಿಯಾಗುವುದು ಹೀಗೆ. ಹಳೆಯ ಬ್ಯಾಟರಿಗಳ ವಿಲೇವಾರಿಯು ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ಕ್ಕೆ ಒಳಪಟ್ಟಿದ್ದು, ಅವನ್ನು ಗುಜರಿಗೆ ಹಾಕದೆ ಅಧಿಕೃತ ಸಂಗ್ರಹಣಾ ಮಾರ್ಗಕ್ಕೇ ಒಪ್ಪಿಸಬೇಕು.

10. ಅಂದಾಜುಪಟ್ಟಿಯಲ್ಲಿ ಸೇರಿಸಬೇಕಾದ ಅಂಶಗಳು

ಗ್ರಾಹಕನಿಗೆ ಕೊಡುವ ಅಂದಾಜುಪಟ್ಟಿಯಲ್ಲಿ ಬೆಲೆಗಳ ಜೊತೆಗೆ ಈ ಆರು ಸಾಲುಗಳಿದ್ದರೆ ಮುಂದಿನ ವ್ಯಾಜ್ಯಗಳ ಬಹುಪಾಲು ಅಲ್ಲಿಯೇ ನಿಲ್ಲುತ್ತದೆ: ಆಲ್ಟರ್ನೇಟರ್‌ನ ಆಂಪಿಯರ್, ಬ್ಯಾಟರಿಯ ಸಾಮರ್ಥ್ಯ ಮತ್ತು ಕೊಂಡ ತಿಂಗಳು, ಆಂಪ್ಲಿಫೈಯರ್‌ನ ಆರ್.ಎಂ.ಎಸ್. ವಾಟ್ ಹಾಗೂ ದರ್ಜೆ. ತಂತಿ ಮತ್ತು ಫ್ಯೂಸಿನ ಅಳತೆ. ಅಳವಡಿಕೆಯ ನಂತರ ಬ್ಯಾಟರಿ ಹಾಗೂ ಆಂಪ್ಲಿಫೈಯರ್ ತುದಿಗಳಲ್ಲಿ ಅಳೆದ ವೋಲ್ಟೇಜ್. ಎಂಜಿನ್ ನಿಲ್ಲಿಸಿ ಎಷ್ಟು ಹೊತ್ತು ಕೇಳಬಹುದೆಂಬ ಸೂಚನೆ. ಕಡೆಯ ಕೆಳಗೆ ಗ್ರಾಹಕನ ಸಹಿ ಇರಲಿ.

ಹೀಗೆ ಲೆಕ್ಕ ಹಾಕಿದಾಗ ಕೆಲವೊಮ್ಮೆ ಗ್ರಾಹಕನಿಗೆ "ಈ ಕಾರಿಗೆ ಇಷ್ಟು ದೊಡ್ಡದು ಬೇಡ" ಎಂದು ಹೇಳಬೇಕಾಗುತ್ತದೆ. ಆ ದಿನದ ಬಿಲ್ಲಿನ ಮೊತ್ತ ಅಷ್ಟರಮಟ್ಟಿಗೆ ಕಡಿಮೆಯಾಗುವುದು ನಿಜ. ಆದರೆ ಮೂರು ತಿಂಗಳ ಬಳಿಕ ಸತ್ತ ಬ್ಯಾಟರಿಯೊಂದಿಗೆ ಬರುವ ಗ್ರಾಹಕನಿಗಿಂತ, ಮೂರು ವರ್ಷಗಳ ಬಳಿಕ ತನ್ನ ಹೊಸ ಕಾರಿನೊಂದಿಗೆ ಬರುವ ಗ್ರಾಹಕನು ಅಂಗಡಿಯ ನಿಜವಾದ ಆಸ್ತಿ. ಕಾರಿನ ಆದಾಯವೆಷ್ಟು, ಖರ್ಚೆಷ್ಟು ಎಂದು ಮೊದಲೇ ತೂಗಿ ನೋಡುವ ವರ್ತಕನ ಸ್ವಂತ ಖಾತೆಯಲ್ಲೂ ಕೊರತೆ ಕಾಣಿಸಿಕೊಳ್ಳುವುದು ವಿರಳ.